ಇಗ್ಗಿ ಪಾಪ್ ಹಾಡುಗಳು ಯಾಕೆ ಇಷ್ಟು ತಡವಾಗಿ ಕಿವಿಗೆ ಬಿದ್ದವು?

1977ರ ಆಗಸ್ಟ್ 16ರಂದು ಎಲ್ವಿಸ್ ಪ್ರೀಸ್ಲಿ ತೀರಿಕೊಂಡ. ಸುದ್ದಿ ಹರಡಿದ್ದೇ ತಡ, ಅಂಗಡಿಗಳಲ್ಲಿ ಅವನ ರೆಕಾರ್ಡುಗಳು ಖಾಲಿಯಾಗತೊಡಗಿದವು. ಅವನ ಕಂಪನಿ ಆರ್‌ಸಿಎ ತನ್ನ ಅಚ್ಚಿನ ಯಂತ್ರಗಳನ್ನು ಎಲ್ವಿಸ್‌ನ ಹಳೇ ಆಲ್ಬಂಗಳ ಕಡೆಗೆ ತಿರುಗಿಸಿತು. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಅದೇ ಕಂಪನಿಯಿಂದ ಅಮೆರಿಕದ ರಾಕ್ ಗಾಯಕ ಇಗ್ಗಿ ಪಾಪ್‌ನ ‘ಲಸ್ಟ್ ಫಾರ್ ಲೈಫ್’ ಹೊರಬಂತು. ಮೊದಲ ಕಂತಿನ ಪ್ರತಿಗಳು ಮಾರಿಹೋದ ಮೇಲೆ ಮತ್ತೆ ಅಚ್ಚು ಹಾಕಲು ಯಂತ್ರಗಳಿಗೆ ಪುರಸೊತ್ತಿರಲಿಲ್ಲ. ಆ ಆಲ್ಬಂನಲ್ಲಿದ್ದ ‘ದಿ ಪ್ಯಾಸೆಂಜರ್’ ಆಗ ಇನ್ನೊಂದು ಹಾಡಿನ ಬೆನ್ನಿಗೆ, ಸಿಂಗಲ್ ಎಂಬ ಪುಟ್ಟ ರೆಕಾರ್ಡಿನ ಹಿಂಬದಿಯಲ್ಲಿ, ಅಂದರೆ ಬಿ-ಸೈಡಿನಲ್ಲಿ ಕೂತಿತ್ತು. ಅದು ಬ್ರಿಟನ್ನಿನ ಮಾರಾಟದ ಪಟ್ಟಿ ಹತ್ತಿದ್ದು 1998ರಲ್ಲಿ, ಕಾರಿನ ಜಾಹೀರಾತಿನ ಬೆನ್ನೇರಿ.

ಇಗ್ಗಿಯ ವಿಷಯದಲ್ಲಿ ಇದು ಒಂದು ಸಲದ ದುರದೃಷ್ಟವಲ್ಲ. ‘ಕಾಲಕ್ಕಿಂತ ಮುಂದಿದ್ದ’ ಎಂದು ಬರೆದು ಕೈತೊಳೆದುಕೊಳ್ಳುವ ವಿಮರ್ಶಕರಿದ್ದಾರೆ. ಆದರೆ ಆಲ್ಬಂಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ತಡವಾದದ್ದಕ್ಕೆ ಕಾರಣಗಳು ತೀರಾ ಲೌಕಿಕ: ಕೆಟ್ಟ ಮಿಕ್ಸ್ (ಮುದ್ರಿಸಿದ ವಾದ್ಯ, ದನಿಗಳನ್ನು ಹದವಾಗಿ ಬೆರೆಸುವ ಕೆಲಸ), ತುಂಬದ ಟೇಪು, ಬೇಸತ್ತ ಲೇಬಲ್ (ರೆಕಾರ್ಡ್ ಕಂಪನಿ), ಸಿಗದ ಯಂತ್ರ.

ಇಗ್ಗಿಯ ನಿಜವಾದ ಹೆಸರು ಜೇಮ್ಸ್ ಆಸ್ಟರ್‌ಬರ್ಗ್. ಹುಟ್ಟಿದ್ದು 1947ರ ಏಪ್ರಿಲ್ 21ರಂದು, ಮಿಶಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ. ಬೆಳೆದದ್ದು ಇಪ್ಸಿಲಾಂಟಿಯ ಟ್ರೇಲರ್ ಪಾರ್ಕಿನಲ್ಲಿ. ಟ್ರೇಲರ್ ಅಂದರೆ ಒಂದೇ ಉದ್ದನೆಯ ಡಬ್ಬಿಯಂಥ ಮನೆ. ಮಗನ ಡ್ರಮ್ಸ್‌ಗೆ ಜಾಗ ಸಾಲದೆ ಅಪ್ಪ-ಅಮ್ಮ ತಮ್ಮ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟರು. ‘ಇಗ್ವಾನಾಸ್’ ಎಂಬ ಹೈಸ್ಕೂಲು ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನಿಗೆ ‘ಇಗ್ಗಿ’ ಎಂಬ ಹೆಸರು ಅಲ್ಲಿಂದಲೇ ಅಂಟಿತು. ಆಮೇಲೆ ಶಿಕಾಗೋಗೆ ಹೋಗಿ ಬ್ಲೂಸ್ ಡ್ರಮ್ಮರುಗಳ ಹಿಂದೆ ಅಲೆದು, ವಾಪಸು ಬಂದು, ರಾನ್ ಮತ್ತು ಸ್ಕಾಟ್ ಆಶ್ಟನ್ ಸಹೋದರರನ್ನೂ ಡೇವ್ ಅಲೆಕ್ಸಾಂಡರ್‌ನನ್ನೂ ಕಟ್ಟಿಕೊಂಡು 1967ರಲ್ಲಿ ‘ಸ್ಟೂಜಸ್’ ಶುರು ಮಾಡಿದ.

ಡ್ರಮ್ಮರನೊಬ್ಬ ಗಾಯಕನಾದ ಎಂಬುದನ್ನು ಮರೆಯದೆ ಅವನ ಹಾಡು ಕೇಳಬೇಕು. ಅವನ ಸಾಲುಗಳು ರಾಗಕ್ಕಿಂತ ಪೆಟ್ಟಿನ ಲೆಕ್ಕದಲ್ಲಿ ಬೀಳುತ್ತವೆ. ಸಾಹಿತ್ಯ ಇಷ್ಟು ಚುಟುಕು ಯಾಕೆ ಎಂಬುದಕ್ಕೆ ಇಗ್ಗಿ ಕೊಡುವ ಕಾರಣ ತಮಾಷೆಯದು. ಅವನ ಬಾಲ್ಯದಲ್ಲಿ ಟಿ.ವಿ.ಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಸೂಪಿ ಸೇಲ್ಸ್, ಪತ್ರ ಬರೆಯುವವರು 25 ಪದ ಮೀರಬೇಡಿ ಎನ್ನುತ್ತಿದ್ದನಂತೆ. ಆ ಮಿತಿ ಹಾಡು ಬರೆಯುವಾಗಲೂ ತಲೆಯಲ್ಲಿತ್ತು. ‘ನೋ ಫನ್’ ಕೇಳಿದರೆ ನಂಬಬಹುದು.

ಇಲೆಕ್ಟ್ರಾ ಲೇಬಲ್ 1968ರಲ್ಲಿ ಅವರ ಸಹಿ ಪಡೆಯಿತು. 1969ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಿಟ್ ಫ್ಯಾಕ್ಟರಿ ಸ್ಟುಡಿಯೋಗೆ ಬಂದಾಗ ತಂಡದ ಬಳಿ ಇದ್ದದ್ದು ಐದೇ ಹಾಡು. ಲೇಬಲ್ ಇನ್ನೂ ಬೇಕು ಎಂದಿತು; ಇವೆ ಎಂದು ಹೇಳಿ, ಒಂದೇ ರಾತ್ರಿಯಲ್ಲಿ ಮೂರು ಹೊಸೆದರು. ನಿರ್ಮಾಪಕ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದಿಂದ ಆಗಷ್ಟೇ ಹೊರಬಂದಿದ್ದ ಜಾನ್ ಕೇಲ್. ಜಗಳ ಮೊದಲ ದಿನವೇ. ಹುಡುಗರು ಮಾರ್ಷಲ್ ಆಂಪ್ಲಿಫೈಯರುಗಳ ವಾಲ್ಯೂಮ್ ಗುಂಡಿಯನ್ನು 10ಕ್ಕೆ ತಿರುಗಿಸಿಟ್ಟು ನುಡಿಸುವವರು. ಸ್ಟುಡಿಯೋದಲ್ಲಿ ಹಾಗೆ ಮಾಡಿದರೆ ಗಿಟಾರಿನ ಸದ್ದು ಡ್ರಮ್ಸ್‌ನ ಮೈಕಿಗೂ ನುಗ್ಗುತ್ತದೆ, ಆಮೇಲೆ ಯಾವುದನ್ನೂ ಬಿಡಿಸಲಾಗುವುದಿಲ್ಲ. ಕೇಲ್ ಬೇಡ ಎಂದ, ಇವರು ಮುಷ್ಕರ ಹೂಡಿ ಕೂತರು. ಕೊನೆಗೆ 9ಕ್ಕೆ ರಾಜಿ.

ಆ ಆಲ್ಬಂನ ‘ಐ ವಾನಾ ಬಿ ಯುವರ್ ಡಾಗ್’ ಪಂಕ್ ಎಂಬ ಒರಟು ರಾಕ್ ಶೈಲಿಗೇ ನೀಲನಕ್ಷೆ. ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ): ಜಿ, ಎಫ್ ಶಾರ್ಪ್, ಇ. ಮೆಟ್ಟಿಲಿಳಿದ ಹಾಗೆ ಕೆಳಗಿಳಿದು, ಇ ಮೇಲೆ ನಿಂತು, ಮತ್ತೆ ಮೇಲಿಂದ. ಅದರ ಮೇಲೆ ಕೇಲ್ ಪಿಯಾನೋದ ಒಂದೇ ಮನೆಯನ್ನು ಹಾಡಿನುದ್ದಕ್ಕೂ ಕುಟ್ಟುತ್ತಾನೆ. ತಂಬೂರಿಯ ಕೆಲಸವನ್ನು ಸುತ್ತಿಗೆಯಿಂದ ಮಾಡಿಸಿದಂತೆ. ಜೊತೆಗೆ ಕ್ರಿಸ್ಮಸ್ ಗಾಡಿಯ ಗೆಜ್ಜೆ. ಗಿಟಾರ್ ಕಲಿಯುವವರು ಇದನ್ನು ನುಡಿಸಿ ‘ಇಷ್ಟೇನಾ’ ಎನ್ನುತ್ತಾರೆ. ಅವರದು ಸಪ್ಪೆ ಕೇಳುವುದಕ್ಕೆ ಕಾರಣ ಕಾರ್ಡುಗಳಲ್ಲ, ಆ ಒಂಟಿ ಸ್ವರ ಇಲ್ಲದಿರುವುದು. ಕೆಳಗೆ ಕಾರ್ಡ್ ಬದಲಾದಾಗಲೆಲ್ಲ ಮೇಲಿನ ಸ್ವರ ಒಮ್ಮೆ ಒಗ್ಗುತ್ತದೆ, ಒಮ್ಮೆ ಕಚ್ಚುತ್ತದೆ. ಹಾಡಿನ ತಳಮಳ ಇರುವುದು ಅಲ್ಲಿ.

ಅದೇ ಆಲ್ಬಂನಲ್ಲಿ ‘ವಿ ವಿಲ್ ಫಾಲ್’ ಎಂಬ ಹತ್ತು ನಿಮಿಷದ ಹಾಡಿದೆ. ಬಹಳ ಜನ ದಾಟಿಸಿ ಮುಂದೆ ಹೋಗುತ್ತಾರೆ. ಕನ್ನಡಿಗರು ನಿಲ್ಲಬೇಕು. ಕೇಲ್‌ನ ವಿಯೋಲಾ ಎಳೆಯುತ್ತಿರುವಾಗ ಹಿಂದೆ ಹುಡುಗರು ಗುನುಗುವುದು ‘ಓಂ ಶ್ರೀರಾಮ ಜಯರಾಮ ಜಯಜಯರಾಮ’. 1920ರ ದಶಕದಲ್ಲಿ ಮಂಗಳೂರಿನ ಕದ್ರಿಯ ಗುಹೆಯಲ್ಲಿ ಕೂತು ಪಪ್ಪಾ ರಾಮದಾಸರು ಜಪಿಸುತ್ತಿದ್ದ ಅದೇ ಮಂತ್ರ. ಹಾಡಾಗಿ ಅದು ಗೆಲ್ಲುವುದಿಲ್ಲ, ಒಪ್ಪಬೇಕು. ಆದರೆ ಡೆಟ್ರಾಯಿಟ್ ಪಕ್ಕದ ಪುಂಡ ಹುಡುಗರ ಮೊದಲ ಆಲ್ಬಂನಲ್ಲಿ ರಾಮಜಪ ಇದೆ ಎಂಬುದು ಗೊತ್ತಿರಲಿ.

ಕೇಲ್ ಮಾಡಿಕೊಟ್ಟ ಮಿಕ್ಸ್ ಲೇಬಲ್‌ಗೆ ಹಿಡಿಸಲಿಲ್ಲ. ಇಲೆಕ್ಟ್ರಾದ ಯಜಮಾನ ಜ್ಯಾಕ್ ಹೋಲ್ಜ್‌ಮನ್ ಮತ್ತು ಇಗ್ಗಿ ಕೂತು ಬೇರೆ ಮಾಡಿದರು. ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 106ಕ್ಕೆ ಬಂದು ನಿಂತಿತು.

ಎರಡನೆಯದು, 1970ರ ‘ಫನ್ ಹೌಸ್’, ಧ್ವನಿಮುದ್ರಣದ ದೃಷ್ಟಿಯಿಂದ ಇಗ್ಗಿಯ ಅತ್ಯುತ್ತಮ ಕೆಲಸ. ನಿರ್ಮಾಪಕ ಡಾನ್ ಗಲೂಚಿ ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಅಡ್ಡಗೋಡೆಗಳನ್ನು ತೆಗೆಸಿ, ವೇದಿಕೆಯ ಮೇಲೆ ನಿಲ್ಲುವಂತೆಯೇ ತಂಡವನ್ನು ನಿಲ್ಲಿಸಿದ. ಇಗ್ಗಿಗೆ ಹೆಡ್‌ಫೋನ್ ಇಲ್ಲ, ಗಾಜಿನ ಕೋಣೆ ಇಲ್ಲ. ಕೈಯಲ್ಲಿ ಮೈಕ್ ಹಿಡಿದು ಎಲ್ಲರ ನಡುವೆ ನಿಂತು ಕಿರುಚಿದ. ಲಾಭ ಏನೆಂದರೆ ‘ಟಿ.ವಿ. ಐ’ ಹಾಡಿನ ಆ ಮೊದಲ ಕೂಗು. ನಷ್ಟವೂ ಇದೆ. ಗಾಯಕನ ಮೈಕಿನೊಳಗೆ ಗಿಟಾರ್, ಡ್ರಮ್ಸ್ ಎಲ್ಲವೂ ಸೇರಿಕೊಂಡಿರುವುದರಿಂದ ತಪ್ಪಿದ ಒಂದು ಸಾಲನ್ನು ಮಾತ್ರ ತಿರುಗಿ ಹಾಡಿಸಿ ಅಂಟಿಸಲು ಬರುವುದಿಲ್ಲ. ಒಬ್ಬ ತಪ್ಪಿದರೂ ಎಲ್ಲರೂ ಮೊದಲಿನಿಂದ. ಅದಕ್ಕೇ ‘ಲೂಸ್’ ಹಾಡಿಗೆ ಇಪ್ಪತ್ತಕ್ಕೂ ಹೆಚ್ಚು ಟೇಕ್ ಆದವು. ಆ ಎಲ್ಲ ಟೇಕುಗಳೂ ಸುಮಾರು ಮೂರು ದಶಕ ಕಳೆದ ಮೇಲೆ ಏಳು ಸಿಡಿಗಳ ಪೆಟ್ಟಿಗೆಯಾಗಿ ಬಂದವು. ಒಂದೇ ಹಾಡನ್ನು ಒಂದು ಗಂಟೆ ಕೇಳುವ ತಾಳ್ಮೆ ಇರುವವರಿಗೆ ಹಬ್ಬ. ಆದರೆ 1970ರಲ್ಲಿ ಆಲ್ಬಂ ಮಾರಾಟವಾಗಲಿಲ್ಲ. ಲೇಬಲ್ ಕೈಬಿಟ್ಟಿತು, ಮಾದಕವಸ್ತು ಹಿಡಿಯಿತು, ತಂಡ ಒಡೆಯಿತು.

ಇನ್ನು ‘ರಾ ಪವರ್’. ಇಗ್ಗಿಯ ಅಭಿಮಾನಿಗಳು ಇವತ್ತಿಗೂ ಕಿತ್ತಾಡುವುದು ಇದರ ಬಗ್ಗೆಯೇ.

1972ರಲ್ಲಿ ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿಯ ನೆರವಿನಿಂದ ಕೊಲಂಬಿಯಾ ಲೇಬಲ್ ಸಿಕ್ಕಿತು. ಲಂಡನ್ನಿನಲ್ಲಿ ರೆಕಾರ್ಡಿಂಗ್. ಗಿಟಾರಿಗೆ ಹೊಸಬ ಜೇಮ್ಸ್ ವಿಲಿಯಮ್ಸನ್, ಪಾಪ ರಾನ್ ಆಶ್ಟನ್‌ಗೆ ಬೇಸ್ ಗಿಟಾರಿನ ಹಿಂಬಡ್ತಿ. ನಿರ್ಮಾಪಕ ಸ್ವತಃ ಇಗ್ಗಿ. ಅವನು ಮಾಡಿದ ಮಿಕ್ಸ್‌ನಲ್ಲಿ ಬಹುಪಾಲು ವಾದ್ಯಗಳು ಒಂದು ಸ್ಪೀಕರಿನಲ್ಲಿ, ದನಿ ಇನ್ನೊಂದರಲ್ಲಿ. ಇದನ್ನು ಮಾರಲಾಗದು ಎಂದರು; ಬೋವಿ ಮಿಕ್ಸ್ ಮಾಡದಿದ್ದರೆ ಆಲ್ಬಂ ಇಲ್ಲ ಎಂಬ ಷರತ್ತು ಬಂತು. ಹಾಲಿವುಡ್ಡಿನ ಅಗ್ಗದ ಸ್ಟುಡಿಯೋದಲ್ಲಿ ಬೋವಿಗೆ ಸಿಕ್ಕಿದ್ದು ಒಂದೇ ದಿನ. ಅವನೇ ಹೇಳಿಕೊಂಡಂತೆ, 24 ಟ್ರ್ಯಾಕಿನ, ಅಂದರೆ 24 ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿದಿಡಬಲ್ಲ, ಟೇಪಿನಲ್ಲಿ ತುಂಬಿದ್ದದ್ದು ಮೂರು: ಇಡೀ ತಂಡ ಒಂದರಲ್ಲಿ, ಲೀಡ್ ಗಿಟಾರ್ ಒಂದರಲ್ಲಿ, ಇಗ್ಗಿಯ ದನಿ ಒಂದರಲ್ಲಿ. ಸಾರಿಗೆ ಉಪ್ಪು, ಖಾರ, ಹುಳಿ ಎಲ್ಲ ಬಿದ್ದು ಕುದಿದ ಮೇಲೆ ‘ಹುಳಿ ಸ್ವಲ್ಪ ತೆಗಿ’ ಅಂದರೆ ಹೇಗೆ? ಡ್ರಮ್ಸ್ ಏರಿಸಿದರೆ ಬೇಸೂ ಏರುತ್ತದೆ. ಬೋವಿ ಗಿಟಾರನ್ನೂ ದನಿಯನ್ನೂ ಎತ್ತಿ ಮುಂದಿಟ್ಟ. ಡ್ರಮ್ಸ್, ಬೇಸ್ ಪಕ್ಕದ ಮನೆಯಲ್ಲಿ ನುಡಿಸುತ್ತಿರುವಂತೆ ಉಳಿದವು. ‘ಸರ್ಚ್ ಅಂಡ್ ಡೆಸ್ಟ್ರಾಯ್’ನ ಆ ಕತ್ತಿಯಂಥ ಗಿಟಾರ್, ಅರ್ಧ ಆಯ್ಕೆ, ಅರ್ಧ ನಿರ್ವಾಹವಿಲ್ಲದ್ದು.

‘ಗಿಮ್ಮಿ ಡೇಂಜರ್’ನಲ್ಲಿ ಬೋವಿ ಗಿಟಾರಿಗೆ ಕೂಪರ್ ಟೈಮ್ ಕ್ಯೂಬ್ ಎಂಬ ಯಂತ್ರ ಹಾಕಿದ. ಹೆಸರು ಭಾರಿ, ಒಳಗಿದ್ದದ್ದು ತೋಟಕ್ಕೆ ನೀರು ಬಿಡುವ ಪೈಪಿನ ಸುರುಳಿ. ಒಂದು ತುದಿಯಲ್ಲಿ ಪುಟ್ಟ ಸ್ಪೀಕರ್, ಇನ್ನೊಂದು ತುದಿಯಲ್ಲಿ ಮೈಕ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಐದು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಪೈಪು ದಾಟಲು 14 ಮಿಲಿಸೆಕೆಂಡ್ ಬೇಕು. ಇಷ್ಟು ಕಿರಿದಾದ ಅಂತರ ಪ್ರತಿಧ್ವನಿಯಾಗಿ ಕೇಳುವುದಿಲ್ಲ, ಒಂದು ಗಿಟಾರಿಗೆ ನೆರಳಿನಂತೆ ಇನ್ನೊಂದು ಅಂಟಿಕೊಂಡಂತೆ ಕೇಳುತ್ತದೆ.

1973ರಲ್ಲಿ ಬಂದ ಆಲ್ಬಂ ಪಟ್ಟಿಯ 180ರ ಆಸುಪಾಸಿನಲ್ಲಿ ಮುಳುಗಿತು. ಆದರೆ ಕೊಂಡ ಕೆಲವರು ಸರಿಯಾದ ಜನ. ಬ್ರಿಟನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ ಗಿಟಾರ್‌ವಾದಕ ಸ್ಟೀವ್ ಜೋನ್ಸ್ ಈ ರೆಕಾರ್ಡಿನ ಜೊತೆ ನುಡಿಸುತ್ತಲೇ ಗಿಟಾರ್ ಕಲಿತ. 1978ರ ಜನವರಿ 14ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ತಂಡ ಒಡೆಯುವ ಮುನ್ನ ಕೊನೆಗೆ ಹಾಡಿದ್ದೂ ಸ್ಟೂಜಸ್‌ನ ‘ನೋ ಫನ್’.

1997ರಲ್ಲಿ ಕಂಪನಿ ಇಗ್ಗಿಗೇ ಟೇಪು ಕೊಟ್ಟು ಹೊಸ ಮಿಕ್ಸ್ ಮಾಡಿಸಿತು. ಅವನು ಶಬ್ದದ ಮಟ್ಟ ತೋರುವ ಎಲ್ಲ ಸೂಜಿಗಳನ್ನೂ ಕೆಂಪಿಗೆ ತಳ್ಳಿದ. ಸಿಡಿಯಲ್ಲಿ ಶಬ್ದದ ಗರಿಷ್ಠ ಮಟ್ಟ 0 ಡೆಸಿಬೆಲ್. ಅದರ ಮೇಲೆ ಜಾಗವೇ ಇಲ್ಲ. 1980ರ ದಶಕದ ರಾಕ್ ಸಿಡಿಗಳಲ್ಲಿ ಸರಾಸರಿ ಮಟ್ಟ −15ರ ಆಚೀಚೆ ಇರುತ್ತಿತ್ತು, ಅಂದರೆ ಗರಿಷ್ಠದ ಐದನೇ ಒಂದು ಪಾಲಿಗಿಂತ ಕಡಿಮೆ. ಇಗ್ಗಿಯ ಮಿಕ್ಸ್‌ನಲ್ಲಿ ಅದು ಸುಮಾರು −4, ಶೇ 63ರಷ್ಟು. ಸರಾಸರಿಯೇ ಸೂರಿಗೆ ತಾಗುತ್ತಿದ್ದರೆ ಡ್ರಮ್ಸ್‌ನ ಪೆಟ್ಟು ಮೇಲೇಳುವುದೆಲ್ಲಿ? ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಕಿವಿಗೆ ಗೊರಗೊರ ಎನ್ನುತ್ತದೆ. ವಿಲಿಯಮ್ಸನ್ ಮತ್ತು ಆಶ್ಟನ್ ಇಬ್ಬರೂ ಹಳೆಯದೇ ವಾಸಿ ಎಂದರು. 2010ರಲ್ಲಿ ಬೋವಿಯ ಮಿಕ್ಸ್ ಮತ್ತೆ ಹೊರಬಂತು.

1974ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನ ಮಿಶಿಗನ್ ಪ್ಯಾಲೇಸ್‌ನಲ್ಲಿ ಸ್ಟೂಜಸ್‌ನ ಕೊನೆಯ ಕಛೇರಿ, ‘ಮೆಟಾಲಿಕ್ ಕೆ.ಓ.’ ರೆಕಾರ್ಡಿನಲ್ಲಿ ಬಾಟಲಿ ಒಡೆಯುವ ಸದ್ದೂ ಇದೆ. ನಂತರ ಇಗ್ಗಿ ಲಾಸ್ ಏಂಜಲೀಸ್‌ನಲ್ಲಿ ಮಾನಸಿಕ ಚಿಕಿತ್ಸೆಗೆ ದಾಖಲಾದ. ನೋಡಲು ಬಂದ ಕೆಲವೇ ಜನರಲ್ಲಿ ಬೋವಿ ಒಬ್ಬ.

ಇಬ್ಬರೂ ಚಟ ಬಿಡಲು ಯುರೋಪಿಗೆ ಹೋಗಿ, ಬರ್ಲಿನ್ನಿನ ಶೋನೆಬರ್ಗ್‌ನಲ್ಲಿ ನೆಲೆಸಿದರು. 1977 ಒಂದೇ ವರ್ಷದಲ್ಲಿ ಎರಡು ಆಲ್ಬಂ. ಮೊದಲನೆಯದು ‘ದಿ ಈಡಿಯಟ್’, ತಣ್ಣನೆಯದು, ಬೋವಿಯ ಕೈ ಎದ್ದು ಕಾಣುವಂಥದ್ದು. ಅದರ ‘ನೈಟ್‌ಕ್ಲಬ್ಬಿಂಗ್’ನಲ್ಲಿ ಡ್ರಮ್ ಮಶೀನಿನ ಪೇಲವ ತಾಳ ತಾತ್ಕಾಲಿಕವಾಗಿ ಹಾಕಿದ್ದು. ನಿಜವಾದ ಡ್ರಮ್ಸ್ ಹಾಕೋಣ ಎಂದ ಬೋವಿ. ಬೇಡ, ಇದೇ ಇರಲಿ ಎಂದ ಇಗ್ಗಿ. ಡ್ರಮ್ಮರನ ಕಿವಿ ತಪ್ಪಲಿಲ್ಲ. ಕುಡಿದವನು ಗೋಡೆ ಹಿಡಿದು ನಡೆಯುವ ಲಯ ಅದು.

ಎರಡನೆಯದೇ ‘ಲಸ್ಟ್ ಫಾರ್ ಲೈಫ್’, ಬರ್ಲಿನ್ ಗೋಡೆಯ ಪಕ್ಕದ ಹಾನ್ಸಾ ಸ್ಟುಡಿಯೋದಲ್ಲಿ ಎಂಟೊಂಬತ್ತು ದಿನದಲ್ಲಿ ಮುಗಿದದ್ದು. ಶೀರ್ಷಿಕೆ ಹಾಡಿನ ತಾಳ ಬರ್ಲಿನ್ನಿನ ಅಮೆರಿಕನ್ ಸೇನಾ ಟಿ.ವಿ.ಯ ಕರೆಸದ್ದಿನಿಂದ ಹುಟ್ಟಿತು. ಬೋವಿ ಅದನ್ನು ಯುಕುಲೆಲೆ ಮೇಲೆ ಹಿಡಿದ. ಹಂಟ್ ಸೇಲ್ಸ್‌ನ ಡ್ರಮ್ಸ್ ಒಂದು ನಿಮಿಷಕ್ಕೂ ಹೆಚ್ಚು ಓಡಿದ ಮೇಲೆಯೇ ಇಗ್ಗಿ ಬಾಯಿ ತೆರೆಯುವುದು. ಈ ಹಂಟ್ ಮತ್ತು ಬೇಸ್ ನುಡಿಸಿದ ಅವನ ಅಣ್ಣ ಟೋನಿ ಯಾರ ಮಕ್ಕಳು? 25 ಪದದ ಸೂಪಿ ಸೇಲ್ಸ್‌ನವೇ.

‘ದಿ ಪ್ಯಾಸೆಂಜರ್’ ಗಿಟಾರ್‌ವಾದಕ ರಿಕಿ ಗಾರ್ಡಿನರ್ ಕೊಟ್ಟ ಉಡುಗೊರೆ. ಎ ಮೈನರ್, ಎಫ್, ಸಿ, ಜಿ. ಮತ್ತೆ ಎ ಮೈನರ್, ಎಫ್, ಸಿ, ಈ ಸಲ ಇ. ಹಾಡು ಪೂರ್ತಿ ಇಷ್ಟೇ ಸುತ್ತು. ಕೊನೆಯ ಇ ಮೇಜರ್‌ನೊಳಗಿನ ಜಿ ಶಾರ್ಪ್ ಸ್ವರ ಕಿವಿಯನ್ನು ಎ ಕಡೆಗೇ ಜಗ್ಗುವುದರಿಂದ ಹಾಡು ನಿಲ್ಲಲಾರದೆ ತಿರುಗುತ್ತಲೇ ಇರುತ್ತದೆ, ಇಳಿಯುವ ನಿಲ್ದಾಣವಿಲ್ಲದ ರೈಲಿನ ಹಾಗೆ. ಇಗ್ಗಿ ಬರ್ಲಿನ್ನಿನ ಎಸ್-ಬಾನ್ ರೈಲಿನಲ್ಲಿ ಸುಮ್ಮನೆ ಸುತ್ತುತ್ತಿದ್ದವನು. ನುಡಿಸುವವರು ಎಡವುವುದು ಬಲಗೈಯಲ್ಲಿ: ಪೆಟ್ಟು ಎರಡು ತಾಳದ ನಡುವಿನ ಎಡೆಯ ಮೇಲೆ ಬೀಳಬೇಕು, ಸಮದ ಮೇಲಲ್ಲ. ಸಮದಲ್ಲಿ ಎಡಗೈ ಬೆರಳುಗಳನ್ನು ಸ್ವಲ್ಪ ಸಡಿಲಿಸಿ ತಂತಿ ಮೂಕವಾಗಿಸಬೇಕು. ಇಲ್ಲದಿದ್ದರೆ ಪೊಲೀಸ್ ಬ್ಯಾಂಡಿನ ಕವಾಯತಾಗುತ್ತದೆ.

ಎಂಬತ್ತರ ದಶಕವನ್ನು ಬೇಗ ದಾಟಬಹುದು. ಅವನನ್ನು ಆಗ ಉಳಿಸಿದ್ದು ಹಳೇ ಹಾಡೇ. ‘ದಿ ಈಡಿಯಟ್’ನ ‘ಚೈನಾ ಗರ್ಲ್’ ಅನ್ನು ಬೋವಿ 1983ರಲ್ಲಿ ತಾನೇ ಹಾಡಿ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ ಒಯ್ದ. ರಚನೆಯಲ್ಲಿ ಇಗ್ಗಿಯ ಹೆಸರೂ ಇದ್ದದ್ದರಿಂದ ರಾಯಲ್ಟಿ ಬಂತು, ಸಾಲ ತೀರಿತು. 1990ರಲ್ಲಿ ಬಿ-52ಸ್ ತಂಡದ ಕೇಟ್ ಪಿಯರ್ಸನ್ ಜೊತೆ ಹಾಡಿದ ‘ಕ್ಯಾಂಡಿ’ ಅಮೆರಿಕದಲ್ಲಿ 28ಕ್ಕೇರಿತು. 1996ರಲ್ಲಿ ‘ಟ್ರೇನ್‌ಸ್ಪಾಟಿಂಗ್’ ಸಿನಿಮಾ ‘ಲಸ್ಟ್ ಫಾರ್ ಲೈಫ್’ಗೆ ಮರುಹುಟ್ಟು ಕೊಟ್ಟಿತು.

2003ರಲ್ಲಿ ಆಶ್ಟನ್ ಸಹೋದರರೊಂದಿಗೆ ಸ್ಟೂಜಸ್ ಮತ್ತೆ ವೇದಿಕೆ ಹತ್ತಿದಾಗ ಮುಂದೆ ನಿಂತಿದ್ದ ಬಹುಪಾಲು ಹುಡುಗರು ‘ಫನ್ ಹೌಸ್’ ಬಂದಾಗ ಹುಟ್ಟಿರಲೇ ಇಲ್ಲ. ರಾನ್ 2009ರಲ್ಲಿ, ಸ್ಕಾಟ್ 2014ರಲ್ಲಿ ಹೋದರು. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಇಗ್ಗಿ ಮೊದಲ ಇಪ್ಪತ್ತರೊಳಗೆ ಬಂದದ್ದು 2016ರಲ್ಲಿ, ಜಾಶ್ ಹೋಮ್ ಜೊತೆ ಮಾಡಿದ ‘ಪೋಸ್ಟ್ ಪಾಪ್ ಡಿಪ್ರೆಶನ್’ನಿಂದ: 17ನೇ ಸ್ಥಾನ, 68ನೇ ವಯಸ್ಸು. 2023ರ ‘ಎವ್ರಿ ಲೂಸರ್’ನಲ್ಲೂ ಗಂಟಲು ಗಟ್ಟಿಯಾಗಿಯೇ ಇದೆ.

‘ರಾ ಪವರ್’ನ ಎರಡೂ ಮಿಕ್ಸ್ ಈಗ ಸುಲಭವಾಗಿ ಸಿಗುತ್ತವೆ. ಹೋಲಿಸಿ ಕೇಳುವುದಾದರೆ ‘ಗಿಮ್ಮಿ ಡೇಂಜರ್’ನ ಮೊದಲ ಒಂದು ನಿಮಿಷ ಸಾಕು. 1997ರದನ್ನು ಹಾಕುವಾಗ ವಾಲ್ಯೂಮನ್ನು ಚೆನ್ನಾಗಿ ತಗ್ಗಿಸಿ, ಎರಡೂ ಒಂದೇ ಜೋರಿನಲ್ಲಿ ಕೇಳುವಂತೆ ಮಾಡಿಕೊಳ್ಳಿ. ಹಾಗೆ ಮಾಡದಿದ್ದರೆ ಜೋರಾಗಿರುವುದೇ ಚೆನ್ನ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.