ಕಾಂಟ್ರ್ಯಾಕ್ಟರ್ ಆಡಿಟ್‌ನಲ್ಲಿ ಪರ್ಮಿಟ್ ದಾಖಲೆಯನ್ನು ಓದುವ ಬಗೆ

ಅಮೆರಿಕದ ಕಟ್ಟಡ ಗುತ್ತಿಗೆದಾರರು ವರ್ಕರ್ಸ್ ಕಾಂಪೆನ್ಸೇಷನ್ ವಿಮೆಗೆ (ಕೆಲಸದಲ್ಲಿ ಗಾಯಗೊಂಡ ಆಳುಗಳಿಗೆ ಪರಿಹಾರ ಕೊಡುವ ವಿಮೆ) ವರ್ಷದ ಆರಂಭದಲ್ಲಿ ಕಟ್ಟುವ ಪ್ರೀಮಿಯಂ ಬರೀ ಅಂದಾಜಿನದು. ಪಾಲಿಸಿ ಮುಗಿದ ಮೇಲೆ ಆಡಿಟರ್ ಕೂತು ಯಾವ ಕೆಲಸಕ್ಕೆ ಎಷ್ಟು ಸಂಬಳ ಹೋಗಿದೆ ಎಂದು ನೋಡಿ ಲೆಕ್ಕ ಚುಕ್ತಾ ಮಾಡುತ್ತಾರೆ. ಪಾಲಿಸಿ ಮುಗಿದ ಮೂರು ವರ್ಷದವರೆಗೂ ಪುಸ್ತಕ ತೆರೆಸುವ ಹಕ್ಕು ವಿಮಾ ಕಂಪನಿಗೆ ಇರುತ್ತದೆ. ಸಂಬಳದ ಪಟ್ಟಿ, ತೆರಿಗೆ ಫಾರಂ 941 (ಸಂಬಳದ ಮೇಲಿನ ತೆರಿಗೆಯ ತ್ರೈಮಾಸಿಕ ಲೆಕ್ಕ), ಬಿಲ್ಲು, ಚೆಕ್ ಪುಸ್ತಕ ಎಲ್ಲವನ್ನೂ ಒದಗಿಸುವವರು ಗುತ್ತಿಗೆದಾರರೇ. ಅವರ ಕೈಯಲ್ಲಿಲ್ಲದ, ಸುಲಭವಾಗಿ ಸಿಗುವ ಸಾಕ್ಷ್ಯವೆಂದರೆ ಊರಿನ ಕಟ್ಟಡ ಇಲಾಖೆ ಕೊಟ್ಟ ಪರ್ಮಿಟ್.

ಇಡೀ ದೇಶಕ್ಕೆ ಒಂದೇ ಸರ್ಕಾರಿ ಪರ್ಮಿಟ್ ರಿಜಿಸ್ಟರ್ ಇಲ್ಲ. ಪರ್ಮಿಟ್ ಕೊಡುವ ನಗರ, ಕೌಂಟಿ, ಪಟ್ಟಣಗಳೇ ಸುಮಾರು 20,000. ಶಿಕಾಗೊ, ನ್ಯೂಯಾರ್ಕ್, ಸಿಯಾಟಲ್‌ನಂಥ ನಗರಗಳ ದಾಖಲೆ ಆನ್‌ಲೈನ್‌ನಲ್ಲೇ ಸಿಗುತ್ತದೆ. ಸಣ್ಣ ಕೌಂಟಿಗಳಿಗೆ ಫೋನ್ ಮಾಡಿ ಕೇಳಬೇಕಾಗಬಹುದು. ಹುಡುಕುವಾಗ ಕಂಪನಿಯ ಹೆಸರಿಗಿಂತ ಲೈಸೆನ್ಸ್ ಸಂಖ್ಯೆಯನ್ನು ನಂಬಿ. ಒಂದೇ ಕಂಪನಿ ಒಂದು ಕಡೆ ‘ಎಲ್‌ಎಲ್‌ಸಿ’ (ಸೀಮಿತ ಹೊಣೆಯ ಕಂಪನಿ) ಸಮೇತ, ಇನ್ನೊಂದು ಕಡೆ ವ್ಯಾಪಾರದ ಹೆಸರಲ್ಲಿ, ಮತ್ತೊಂದು ಕಡೆ ಮಾಲೀಕನ ಹೆಸರಲ್ಲೇ ನಮೂದಾಗಿರುತ್ತದೆ.

ಎಡವಟ್ಟು ಹೆಚ್ಚಾಗುವುದು ತಾರೀಖಿನಲ್ಲಿ. ಪಾಲಿಸಿ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದಿಟ್ಟುಕೊಳ್ಳಿ. ಆ ಅವಧಿಯೊಳಗೆ ಮಂಜೂರಾದ ಪರ್ಮಿಟ್‌ಗಳನ್ನಷ್ಟೇ ತೆಗೆದರೆ, ಹಿಂದಿನ ಅಕ್ಟೋಬರಿನಲ್ಲಿ ಮಂಜೂರಾಗಿ ಫೆಬ್ರವರಿಯಲ್ಲಿ ಮರದ ಚೌಕಟ್ಟು ಎದ್ದ ಮನೆ ತಪ್ಪಿಹೋಗುತ್ತದೆ. ಬಹುತೇಕ ಊರುಗಳು ಅನುಸರಿಸುವ ಮಾದರಿ ಕಟ್ಟಡ ಸಂಹಿತೆಯ ಪ್ರಕಾರ, ಮಂಜೂರಾಗಿ 180 ದಿನದೊಳಗೆ ಕೆಲಸ ಶುರುವಾಗದಿದ್ದರೆ, ಅಥವಾ ನಡುವೆ 180 ದಿನ ನಿಂತುಬಿಟ್ಟರೆ, ಪರ್ಮಿಟ್ ರದ್ದಾಗುತ್ತದೆ. ಹಾಗಾಗಿ ಪಾಲಿಸಿ ಶುರುವಾಗುವ ಆರು ತಿಂಗಳ ಹಿಂದಿನಿಂದಲಾದರೂ ಪಟ್ಟಿ ತೆಗೆಯಬೇಕು. ದೊಡ್ಡ ಕೆಲಸಗಳಿಗೆ ಇನ್ನೂ ಹಿಂದಿನಿಂದ. ಆಮೇಲೆ ಮಂಜೂರಾತಿ ತಾರೀಖನ್ನು ಪಕ್ಕಕ್ಕಿಟ್ಟು ತಪಾಸಣೆಯ ತಾರೀಖುಗಳನ್ನು ನೋಡಿ: ಪಾಯ, ಚೌಕಟ್ಟು, ಗೋಡೆ ಮುಚ್ಚುವ ಮುನ್ನದ ವೈರಿಂಗ್ ಮತ್ತು ಪೈಪು, ಕೊನೆಗೆ ಅಂತಿಮ ತಪಾಸಣೆ. ಆಳುಗಳು ಸೈಟಿನಲ್ಲಿ ಯಾವಾಗ ಇದ್ದರು ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಂದೂ ತಪಾಸಣೆ ನಡೆಯದ ಪರ್ಮಿಟ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಗುತ್ತಿಗೆದಾರನನ್ನಲ್ಲ, ಕೆಲಸ ನಡೆದಿದೆಯೇ ಎಂಬುದನ್ನು.

ಮುಂದಿನದು ಕೆಲಸದ ವಿವರಣೆ. ಪ್ರತಿ ಬಗೆಯ ಕೆಲಸಕ್ಕೂ ಒಂದು ಕೋಡ್, ಕೋಡ್‌ಗೆ ತಕ್ಕ ಪ್ರೀಮಿಯಂ ದರ ಇರುತ್ತದೆ. ಎನ್‌ಸಿಸಿಐ (ಈ ಕೋಡ್‌ಗಳನ್ನು ರೂಪಿಸುವ ಸಂಸ್ಥೆ) ಪದ್ಧತಿಯ ರಾಜ್ಯಗಳಲ್ಲಿ ಕಪಾಟು, ಒಳಾಂಗಣ ಮರಗೆಲಸಕ್ಕೆ ಕೋಡ್ 5437. ಛಾವಣಿ ಹೊದಿಕೆಗೆ 5551. ಎರಡರ ದರಕ್ಕೂ ಅಜಗಜಾಂತರ. ಸಂಬಳವೆಲ್ಲ 5437ರಲ್ಲಿದ್ದು, ಪರ್ಮಿಟ್ ಪಟ್ಟಿಯಲ್ಲಿ ‘ಹಳೆಯ ಹೊದಿಕೆ ಕಿತ್ತು ಹೊಸದು ಹಾಕುವುದು’ ಎಂಬ ಸಾಲು ಏಳು ಬಾರಿ ಬಂದಿದ್ದರೆ, ಆ ಏಳೂ ವಿಳಾಸಗಳಲ್ಲಿ ಛಾವಣಿ ಹತ್ತಿದವರು ಯಾರು ಎಂದು ಕೇಳಲೇಬೇಕು. ಒಬ್ಬನೇ ಕೆಲಸಗಾರ ಎರಡೂ ಬಗೆಯ ಕೆಲಸ ಮಾಡಿದ್ದರೆ ಸಂಬಳವನ್ನು ಹಂಚಬಹುದು, ಆದರೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂಬ ನಿಜವಾದ ದಾಖಲೆ ಇದ್ದರೆ ಮಾತ್ರ. ‘ಅರ್ಧರ್ಧ ಹಾಕಿಕೊಳ್ಳಿ ಸಾರ್’ ಎಂಬುದು ನಡೆಯುವುದಿಲ್ಲ. ದಾಖಲೆ ಇಲ್ಲದಿದ್ದರೆ ಆತನ ಪೂರ್ತಿ ಸಂಬಳ ಹೆಚ್ಚಿನ ದರದ ಕೋಡ್‌ಗೇ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಕೋಡ್‌ಗಳು ಬೇರೆ: ಅಲ್ಲಿ ಛಾವಣಿ ಕೆಲಸಕ್ಕೆ ಗಂಟೆಯ ಕೂಲಿ ನೋಡಿಕೊಂಡು 5552 ಅಥವಾ 5553.

ಪರ್ಮಿಟ್ಟಿನಲ್ಲಿ ಕಾಣುವ ‘ಮೌಲ್ಯ’ ಎಂಬ ಅಂಕಿ ಹೊಸ ಆಡಿಟರ್‌ಗಳನ್ನು ದಾರಿ ತಪ್ಪಿಸುತ್ತದೆ. ಅದು ಶುಲ್ಕ ಲೆಕ್ಕಹಾಕಲು ಇಟ್ಟದ್ದು. ಕೆಲವು ಊರುಗಳು ಅರ್ಜಿದಾರ ಹೇಳಿದ ಮೊತ್ತವನ್ನೇ ಬರೆದುಕೊಳ್ಳುತ್ತವೆ, ಶುಲ್ಕ ಉಳಿಯಲೆಂದು ಆತ ಕಡಿಮೆ ಹೇಳಿರುತ್ತಾನೆ. ಇನ್ನು ಕೆಲವು ಕಡೆ ಚದರಡಿಗೆ ಇಷ್ಟು ಎಂಬ ಐಸಿಸಿ (ಮಾದರಿ ಕಟ್ಟಡ ಸಂಹಿತೆ ರೂಪಿಸುವ ಸಂಸ್ಥೆ) ಕೋಷ್ಟಕದಿಂದ ಗುಣಿಸಿ ಹಾಕುತ್ತಾರೆ, ಅದಕ್ಕೂ ಒಪ್ಪಂದದ ಮೊತ್ತಕ್ಕೂ ಸಂಬಂಧವೇ ಇರದಿರಬಹುದು. ಇದರಿಂದ ಸಂಬಳ ಊಹಿಸುವುದು ಎರಡೂ ದಿಕ್ಕಿನಲ್ಲಿ ತಪ್ಪುತ್ತದೆ.

ವಿಮೆಯಿಲ್ಲದ ಉಪಗುತ್ತಿಗೆದಾರನ ಲೆಕ್ಕದಲ್ಲಿ ಇದರ ಪೆಟ್ಟು ಚೆನ್ನಾಗಿ ಕಾಣುತ್ತದೆ. ಆತನ ಆಳುಗಳ ಸಂಬಳವೂ ಮುಖ್ಯ ಗುತ್ತಿಗೆದಾರನ ಪ್ರೀಮಿಯಂ ಲೆಕ್ಕಕ್ಕೇ ಸೇರುತ್ತದೆ. ಆ ಸಂಬಳದ ದಾಖಲೆ ಸಿಗದಿದ್ದಾಗ ಎನ್‌ಸಿಸಿಐ ನಿಯಮದಂತೆ, ಸಾಮಗ್ರಿ ಮತ್ತು ಕೂಲಿ ಎರಡೂ ಸೇರಿದ ಉಪಗುತ್ತಿಗೆಯ ಕನಿಷ್ಠ 50%, ಬರೀ ಕೂಲಿಯದಾದರೆ ಕನಿಷ್ಠ 90% ಮೊತ್ತವನ್ನು ಸಂಬಳವೆಂದು ಹಿಡಿಯುತ್ತಾರೆ. 24,000 ಡಾಲರಿನ ಛಾವಣಿ ಉಪಗುತ್ತಿಗೆ, ಸಾಮಗ್ರಿ ಸಹಿತ ಎಂದುಕೊಳ್ಳಿ: ಹಿಡಿಯಬೇಕಾದ್ದು 12,000. ಉದಾಹರಣೆಗೆ ದರ ನೂರು ಡಾಲರ್ ಸಂಬಳಕ್ಕೆ 20 ಡಾಲರ್ ಇದ್ದರೆ ಪ್ರೀಮಿಯಂ 2,400. ಪರ್ಮಿಟ್ಟಿನಲ್ಲಿ ಮೌಲ್ಯ 31,000 ಎಂದಿದೆ ಎಂದು ಅದರ ಅರ್ಧ ಹಿಡಿದರೆ ಪ್ರೀಮಿಯಂ 3,100 ಆಗುತ್ತದೆ. ಆ 700 ಡಾಲರ್ ವ್ಯತ್ಯಾಸವನ್ನು ಸಮರ್ಥಿಸಲು ಆಡಿಟರ್ ಬಳಿ ಏನೂ ಇರುವುದಿಲ್ಲ. ಒಪ್ಪಂದ, ಬಿಲ್ಲು, ಪಾವತಿ ಇವುಗಳಲ್ಲಿರುವ ಮೊತ್ತವೇ ಮೊತ್ತ.

ಉಪಗುತ್ತಿಗೆದಾರರು ಸಿಗುವುದೂ ಪರ್ಮಿಟ್ಟಿನಲ್ಲೇ. ಮುಖ್ಯ ಪರ್ಮಿಟ್ಟಿನ ಅಡಿಯಲ್ಲಿ ವೈರಿಂಗ್, ಪ್ಲಂಬಿಂಗ್, ಎಸಿ ಕೆಲಸಗಳಿಗೆ ಬೇರೆ ಬೇರೆ ಪರ್ಮಿಟ್ ಇದ್ದು, ಅವುಗಳಲ್ಲಿ ಆಯಾ ಲೈಸೆನ್ಸುದಾರರ ಹೆಸರು ಇರುತ್ತದೆ. ಅವನ್ನು 1099 ಫಾರಂಗಳ (ನೌಕರರಲ್ಲದವರಿಗೆ ಕೊಟ್ಟ ಹಣದ ತೆರಿಗೆ ಫಾರಂ) ಜೊತೆಗೂ ವಿಮಾ ಸರ್ಟಿಫಿಕೇಟ್‌ಗಳ ಜೊತೆಗೂ ತಾಳೆ ನೋಡಿ. ಸರ್ಟಿಫಿಕೇಟ್ ಇದೆ ಎಂದರೆ ಸಾಲದು, ಅದರ ಅವಧಿಯೊಳಗೆ ತಪಾಸಣೆಯ ತಾರೀಖುಗಳು ಬೀಳಬೇಕು.

ಪರ್ಮಿಟ್ ಇಲ್ಲ ಎಂದಾಕ್ಷಣ ಕೆಲಸವೂ ಇಲ್ಲ ಎನ್ನುವಂತಿಲ್ಲ. ಬಣ್ಣ, ಟೈಲ್ಸ್, ಕಾರ್ಪೆಟ್, ಅಡುಗೆಮನೆ ಕಪಾಟುಗಳಿಗೆ ಸಾಮಾನ್ಯವಾಗಿ ಪರ್ಮಿಟ್ ಬೇಡ. ಬಣ್ಣದ ಗುತ್ತಿಗೆದಾರನ ಆಡಿಟ್‌ಗೆ ಈ ದಾರಿ ಹಿಡಿಯುವುದೇ ವ್ಯರ್ಥ. ಕೆಲವು ಮನೆಗಳ ಪರ್ಮಿಟ್ ಮಾಲೀಕರ ಹೆಸರಲ್ಲೇ ಇರುತ್ತದೆ, ಗುತ್ತಿಗೆದಾರನ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೆ ಬಿಲ್ಲಿನ ವಿಳಾಸ ಹಿಡಿದು ಹಿಂದಕ್ಕೆ ಹುಡುಕಬೇಕು. ತದ್ವಿರುದ್ಧವಾಗಿ, ಪರ್ಮಿಟ್ ಇದ್ದೂ ಪುಸ್ತಕದಲ್ಲಿ ಒಂದು ಡಾಲರೂ ಇಲ್ಲದ ವಿಳಾಸಕ್ಕೆ ಹಲವು ಕಾರಣವಿರಬಹುದು: ಗಿರಾಕಿ ಕೈಬಿಟ್ಟದ್ದು, ಮಧ್ಯದಲ್ಲಿ ಗುತ್ತಿಗೆದಾರ ಬದಲಾದದ್ದು, ಗುಮಾಸ್ತ ತಪ್ಪು ಲೈಸೆನ್ಸ್ ಸಂಖ್ಯೆ ಹಾಕಿದ್ದು, ಇಲ್ಲವೇ ಲೈಸೆನ್ಸನ್ನು ಇನ್ನೊಬ್ಬನಿಗೆ ‘ಬಾಡಿಗೆ’ ಕೊಟ್ಟದ್ದು. ಕೊನೆಯದು ಅಂಡರ್‌ರೈಟರ್‌ಗೆ (ಪಾಲಿಸಿ ಕೊಡಬೇಕೇ ಎಂದು ನಿರ್ಧರಿಸುವ ವಿಮಾ ಅಧಿಕಾರಿ) ತಿಳಿಸಬೇಕಾದ ಸಂಗತಿ.

ಆದ್ದರಿಂದ ತಾಳೆಯಾಗದ ವಿಳಾಸಗಳನ್ನು ಅಂತಿಮ ಬಿಲ್ಲಿಗೆ ಸೇರಿಸುವ ಮುನ್ನ ಪಟ್ಟಿ ಮಾಡಿ ಗುತ್ತಿಗೆದಾರನ ಕೈಗೆ ಕೊಡಿ. ಪರ್ಮಿಟ್ ಪುಟದ ಪ್ರತಿಯ ಮೇಲೆ ತೆಗೆದ ತಾರೀಖು ಬರೆದಿಡಿ, ಇಂದು ‘ಮಂಜೂರು’ ಎಂದಿದ್ದದ್ದು ಮುಂದಿನ ತಿಂಗಳು ‘ರದ್ದು’ ಆಗಿರಬಹುದು. ಗುತ್ತಿಗೆದಾರರೂ ಕೈಬಿಟ್ಟ ಕೆಲಸದ ಪರ್ಮಿಟ್ಟನ್ನು ಸುಮ್ಮನೆ ಅವಧಿ ಮೀರಲು ಬಿಡದೆ, ಇಲಾಖೆಗೆ ಬರೆದು ರದ್ದು ಮಾಡಿಸಿ, ಆ ಪತ್ರವನ್ನು ಆ ವರ್ಷದ ಪಾಲಿಸಿ ಕಡತದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.