ಕ್ಯಾಮೆರಾದಲ್ಲಿ ಲೈಟ್ ಉರಿಯುತ್ತಿದೆ, ಎನ್‌ವಿಆರ್‌ನಲ್ಲಿ ಮಾತ್ರ ಕಾಣುತ್ತಿಲ್ಲ. ಏಕೆ?

ಪ್ರಶ್ನೆ: ಹೊಸ ಐಪಿ ಕ್ಯಾಮೆರಾ ಹಾಕಿಸಿದ್ದೇವೆ. ಪವರ್ ಬರುತ್ತಿದೆ, ಕತ್ತಲಾದರೆ ಲೆನ್ಸ್ ಸುತ್ತ ಕೆಂಪು ದೀಪಗಳೂ ಉರಿಯುತ್ತವೆ. ಆದರೆ ಎನ್‌ವಿಆರ್‌ನಲ್ಲಿ (ಕ್ಯಾಮೆರಾಗಳ ವಿಡಿಯೊ ಉಳಿಸುವ ರೆಕಾರ್ಡರ್) ಹುಡುಕಿದರೆ ಸಿಗುತ್ತಿಲ್ಲ, ಅಪ್ಪಿತಪ್ಪಿ ಸಿಕ್ಕರೂ ಸ್ವಲ್ಪ ಹೊತ್ತಿಗೆ ಆಫ್‌ಲೈನ್. ರಿಸೆಟ್ ಮಾಡಿದರೆ ಸರಿಹೋದೀತೇ?

ಉತ್ತರ: ರಿಸೆಟ್‌ಗೆ ಈಗಲೇ ಕೈ ಹಾಕಬೇಡಿ. ತೊಂದರೆ ಕೇಬಲ್‌ನದ್ದಾದರೆ ಅದು ಇದ್ದಲ್ಲೇ ಇರುತ್ತದೆ. ಸಾಲದ್ದಕ್ಕೆ ಐಪಿ ವಿಳಾಸ, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ ಎರಡನೇ ಕೆಲಸ ಹುಟ್ಟಿಕೊಳ್ಳುತ್ತದೆ. ಸಂಪರ್ಕ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ಕೆಂಪು ದೀಪ ಉರಿದರೆ ಕರೆಂಟ್ ತಲುಪಿದೆ ಎಂದಷ್ಟೇ ಅರ್ಥ. ನೆಟ್‌ವರ್ಕ್ ಕೇಬಲ್‌ನ ಎಂಟು ತಂತಿಗಳಲ್ಲಿ 100 ಎಂಬಿಪಿಎಸ್ ಡೇಟಾ ಓಡಾಡುವುದು 1, 2, 3, 6ನೇ ಪಿನ್‌ಗಳಲ್ಲಿ ಮಾತ್ರ. ಕೆಲವು ಪಿಒಇ ಸ್ವಿಚ್‌ಗಳು (ನೆಟ್‌ವರ್ಕ್ ಕೇಬಲ್‌ನಲ್ಲೇ ಪವರ್ ಕೊಡುವಂಥವು) ಪವರ್ ಕಳಿಸುವುದು ಉಳಿದ ನಾಲ್ಕರಲ್ಲಿ: 4, 5, 7, 8. ಹಾಗಾಗಿ ಡೇಟಾ ತಂತಿ ತುಂಡಾಗಿದ್ದರೂ ಕ್ಯಾಮೆರಾಗೆ ಜೀವ ಇರುತ್ತದೆ. ಸ್ವಿಚ್‌ನಲ್ಲಿ ಆ ಪೋರ್ಟಿನ ಲಿಂಕ್ ಲೈಟ್ ನೋಡಿ. ಅದು ಉರಿಯದಿದ್ದರೆ ಸಾಫ್ಟ್‌ವೇರ್ ಕಡೆ ಹೋಗುವುದೇ ಬೇಡ. ಕ್ಯಾಮೆರಾವನ್ನು ಕೆಳಗಿಳಿಸಿ, ಚೆನ್ನಾಗಿದೆಯೆಂದು ಗೊತ್ತಿರುವ ಒಂದೆರಡು ಮೀಟರ್ ಪ್ಯಾಚ್ ಕೇಬಲ್‌ನಲ್ಲಿ ಅದೇ ಪೋರ್ಟಿಗೆ ಸಿಕ್ಕಿಸಿ. ಲಿಂಕ್ ಬಂದರೆ ದೋಷ ಗೋಡೆಯೊಳಗಿನ ಕೇಬಲ್‌ನಲ್ಲಿ ಅಥವಾ ಅದರ ತುದಿಯ ಕನೆಕ್ಟರ್‌ನಲ್ಲಿದೆ.

ಕನೆಕ್ಟರ್ ಕ್ರಿಂಪ್ ಮಾಡುವಾಗ, ಅಂದರೆ ತಂತಿಗಳನ್ನು ಅದರೊಳಗೆ ಒತ್ತಿ ಕೂರಿಸುವಾಗ, ಆಗುವ ಒಂದು ತಪ್ಪು ಅಗ್ಗದ ಟೆಸ್ಟರ್‌ಗೆ ಸಿಗುವುದಿಲ್ಲ. ತಂತಿಗಳ ಬಣ್ಣ ಜೋಡಿಸುವ ಟಿ568ಬಿ ಎಂಬ ಸರಿಯಾದ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ಕ್ಕೆ ಬೇರೆಯಾಗಿ, ನಡುವೆ ನೀಲಿ ಜೋಡಿ ಕೂರುತ್ತದೆ. ನೋಡಲು ಚೆಂದ ಎಂದು ಒಂದೊಂದೇ ಬಣ್ಣದ ಜೋಡಿಯನ್ನು ಪಕ್ಕಪಕ್ಕ ಕೂರಿಸಿದರೆ, ಎರಡೂ ತುದಿ ಒಂದೇ ಥರ ಇರುವುದರಿಂದ ಅಗ್ಗದ ಟೆಸ್ಟರ್‌ನ ಎಂಟೂ ಲೈಟ್ ಸಾಲಾಗಿ ಉರಿಯುತ್ತವೆ. ಆದರೆ 3 ಮತ್ತು 6 ಒಟ್ಟಿಗೆ ಹೆಣೆದ ತಂತಿಗಳಾಗಿರುವುದಿಲ್ಲ. ಹೆಣಿಗೆ ಇಲ್ಲದ ಮೇಲೆ ಪಕ್ಕದ ಜೋಡಿಯ ಸಿಗ್ನಲ್ ಇದರೊಳಗೆ ಬೆರೆಯುತ್ತದೆ. ಮೂರು ಮೀಟರ್‌ಗೆ ನಡೆದುಹೋಗುತ್ತದೆ, ನಲವತ್ತು ಮೀಟರ್‌ಗೆ ಕೈ ಕೊಡುತ್ತದೆ. 'ಕೇಬಲ್ ಚೆಕ್ ಮಾಡಿದೆವು, ಸರಿ ಇದೆ' ಎಂದವರೂ ಕನೆಕ್ಟರ್‌ನ ಬಣ್ಣಗಳನ್ನು ಕಣ್ಣಾರೆ ನೋಡಿಬಿಡುವುದು ಒಳ್ಳೆಯದು.

ಹಗಲೆಲ್ಲ ಸರಿಯಿದ್ದು ಕತ್ತಲಾದೊಡನೆ ಆಫ್‌ಲೈನ್ ಆಗುತ್ತಿದ್ದರೆ ಅನುಮಾನ ಪವರ್ ಮೇಲೆ. ಇನ್‌ಫ್ರಾರೆಡ್ ದೀಪಗಳು ಹೊತ್ತಿದಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ರೀಬೂಟ್ ಆಗುತ್ತದೆ. ಎದ್ದು ದೀಪ ಹಚ್ಚಿದರೆ ಮತ್ತೆ ಅದೇ ಕಥೆ. 802.3ಎಎಫ್ ಎಂಬ ಪಿಒಇ ಮಾನದಂಡದ ಸ್ವಿಚ್ ಪೋರ್ಟ್‌ನಲ್ಲಿ 15.4 ವ್ಯಾಟ್ ಕೊಟ್ಟರೂ ಕ್ಯಾಮೆರಾ ತುದಿಗೆ ಲೆಕ್ಕಕ್ಕೆ ಸಿಗುವುದು 12.95 ವ್ಯಾಟ್. ತಿರುಗುವ ಪಿಟಿಜೆಡ್ ಕ್ಯಾಮೆರಾಗಳಿಗೆ ಇದು ಸಾಲದಿದ್ದರೆ 802.3ಎಟಿ ಬೇಕು: ಪೋರ್ಟ್‌ನಲ್ಲಿ 30, ತುದಿಯಲ್ಲಿ 25.5 ವ್ಯಾಟ್. ಸ್ವಿಚ್‌ನ ಒಟ್ಟು ಪಿಒಇ ಬಜೆಟ್ ಕೂಡ ನೋಡಿ. ಎಂಟು ಪೋರ್ಟ್ ಇದ್ದ ಮಾತ್ರಕ್ಕೆ ಎಂಟಕ್ಕೂ ಪೂರ್ತಿ ವ್ಯಾಟ್ ಸಿಗುತ್ತದೆಂದಿಲ್ಲ. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಕೇಬಲ್, ಅಂದರೆ ಸಿಸಿಎ, ಬಳಸಿದ್ದರೆ ನಷ್ಟ ಇನ್ನೂ ಹೆಚ್ಚು. ಶುದ್ಧ ತಾಮ್ರದಲ್ಲೂ 100 ಮೀಟರ್ ಮಿತಿ. 12 ವೋಲ್ಟ್ ಅಡಾಪ್ಟರ್ ಆದರೆ ಕ್ಯಾಮೆರಾ ಓಡುತ್ತಿರುವಾಗಲೇ, ದೀಪ ಉರಿಯುತ್ತಿರುವಾಗಲೇ, ಅದರ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. 10.8ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ತಂತಿ ದಪ್ಪವಾಗಬೇಕು ಅಥವಾ ಅಡಾಪ್ಟರ್ ಕ್ಯಾಮೆರಾ ಹತ್ತಿರ ಬರಬೇಕು.

ಲಿಂಕ್ ಇದೆ, ಪವರ್ ಸರಿಯಿದೆ, ಆದರೂ ಸಿಗುತ್ತಿಲ್ಲ ಎಂದರೆ ಮುಂದಿನ ಪ್ರಶ್ನೆ ವಿಳಾಸದ್ದು. ಹಿಕ್‌ವಿಷನ್ ಕ್ಯಾಮೆರಾಗಳು ಸಾಮಾನ್ಯವಾಗಿ 192.168.1.64ರಲ್ಲಿ, ದಹುವಾ 192.168.1.108ರಲ್ಲಿ ಬರುತ್ತವೆ. ನಿಮ್ಮ ರೌಟರ್ 192.168.0.1ರಲ್ಲಿದ್ದರೆ ಒಂದೇ ಸ್ವಿಚ್‌ನಲ್ಲಿದ್ದೂ ಇವು ಪರಸ್ಪರ ಮಾತಾಡುವುದಿಲ್ಲ. ಆಯಾ ಕಂಪನಿಯ ಹುಡುಕುವ ಟೂಲ್ (ಎಸ್‌ಎಡಿಪಿ, ಕಾನ್ಫಿಗ್‌ಟೂಲ್) ಬೇರೆ ಸಬ್‌ನೆಟ್‌ನಲ್ಲಿರುವ (ಬೇರೆ ವಿಳಾಸ-ಗುಂಪಿನ) ಕ್ಯಾಮೆರಾವನ್ನೂ ತೋರಿಸುತ್ತದೆ. ಅಲ್ಲೇ ವಿಳಾಸ ಬದಲಿಸಿ.

ಒಂದೇ ಕಂಪನಿಯ ನಾಲ್ಕು ಹೊಸ ಕ್ಯಾಮೆರಾಗಳನ್ನು ಒಟ್ಟಿಗೆ ಚುಚ್ಚಿದರೆ ನಾಲ್ಕಕ್ಕೂ ಒಂದೇ ವಿಳಾಸ. ಒಂದು ಬಂದರೆ ಇನ್ನೊಂದು ಹೋಗುತ್ತದೆ. ಒಂದೊಂದಾಗಿ ಹಚ್ಚಿ, ವಿಳಾಸ ಕೊಟ್ಟು ಮುಂದೆ ಹೋಗಿ. ಸಂಘರ್ಷ ಇದೆಯೇ ಎಂದು ತಿಳಿಯಲು ಸುಲಭ ಉಪಾಯ: ಕ್ಯಾಮೆರಾದ ಕೇಬಲ್ ಕಿತ್ತು, ಅದೇ ವಿಳಾಸಕ್ಕೆ ಕಂಪ್ಯೂಟರ್‌ನಿಂದ ಪಿಂಗ್ (ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಮಾಡಿ. ಆಗಲೂ ಉತ್ತರ ಬಂದರೆ ಅಲ್ಲಿ ಬೇರೆ ಯಾವುದೋ ಸಾಧನ ಕುಳಿತಿದೆ. ಎನ್‌ವಿಆರ್‌ನ ಹಿಂಬದಿಯ ಪಿಒಇ ಪೋರ್ಟಿಗೇ ಕ್ಯಾಮೆರಾ ಹಾಕಿದ್ದರೆ ಅದು ಎನ್‌ವಿಆರ್‌ನ ಒಳಗಿನ ಪ್ರತ್ಯೇಕ ಜಾಲದಲ್ಲಿರುತ್ತದೆ. ಲ್ಯಾಪ್‌ಟಾಪ್‌ನಿಂದ ಹುಡುಕಿದರೆ ಸಿಗದಿರುವುದು ಸಹಜ, ದೋಷವಲ್ಲ.

ಪಿಂಗ್‌ಗೆ ಉತ್ತರ ಬರುತ್ತಿದ್ದೂ ಆಫ್‌ಲೈನ್ ಎಂದರೆ ಬಹುಮಟ್ಟಿಗೆ ಲಾಗಿನ್ ಸಮಸ್ಯೆ. ಹೊಸ ಕ್ಯಾಮೆರಾಗೆ ಮೊದಲು ಪಾಸ್‌ವರ್ಡ್ ಕೊಟ್ಟು ಆಕ್ಟಿವೇಟ್ ಮಾಡಬೇಕು. ಆಮೇಲೆ ಕ್ಯಾಮೆರಾದಲ್ಲಿ ಪಾಸ್‌ವರ್ಡ್ ಬದಲಿಸಿ ಎನ್‌ವಿಆರ್‌ನಲ್ಲಿ ಹಳೆಯದನ್ನೇ ಬಿಟ್ಟರೆ, ಎನ್‌ವಿಆರ್ ಅದನ್ನೇ ಮತ್ತೆ ಮತ್ತೆ ಕಳಿಸಿ ಕ್ಯಾಮೆರಾ ಲಾಕ್ ಆಗುವಂತೆ ಮಾಡುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಎನ್‌ವಿಆರ್‌ನಿಂದ ಆ ಚಾನೆಲ್ ತೆಗೆದು, ಲಾಕ್ ಅವಧಿ ಮುಗಿಯುವವರೆಗೆ ಕಾದು, ಮತ್ತೆ ಸೇರಿಸಿ.

ಬೇರೆ ಬೇರೆ ಕಂಪನಿಯ ಕ್ಯಾಮೆರಾ ಮತ್ತು ಎನ್‌ವಿಆರ್ ಆದರೆ ಆನ್‌ವಿಫ್ (ಬೇರೆ ಬೇರೆ ಕಂಪನಿಗಳ ಸಾಧನಗಳು ಪರಸ್ಪರ ಮಾತಾಡಲು ಇರುವ ಸಾಮಾನ್ಯ ಭಾಷೆ) ಮೂಲಕ ಸೇರಿಸಬೇಕು. ಹಲವು ಕ್ಯಾಮೆರಾಗಳಲ್ಲಿ ಆನ್‌ವಿಫ್ ಮೊದಲಿಗೆ ಆಫ್ ಆಗಿರುತ್ತದೆ, ಕೆಲವಕ್ಕೆ ಪ್ರತ್ಯೇಕ ಯೂಸರ್ ಕೂಡ ಬೇಕು. ಇಲ್ಲಿ ತಲೆ ಕೆಡಿಸುವ ಕಾರಣ ಒಂದಿದೆ: ಗಡಿಯಾರ. ಆನ್‌ವಿಫ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ಜೊತೆ ಸಮಯವೂ ಬೆರೆತು ಹೋಗುತ್ತದೆ. ಕ್ಯಾಮೆರಾದ ಸಮಯ ಎನ್‌ವಿಆರ್‌ಗಿಂತ ಬಹಳ ಹಿಂದೆಯೋ ಮುಂದೆಯೋ ಇದ್ದರೆ ಸರಿಯಾದ ಪಾಸ್‌ವರ್ಡ್‌ಗೂ 'ತಪ್ಪು' ಎಂದೇ ಉತ್ತರ. ದಿನಾಂಕ, ಸಮಯ, ಟೈಮ್ ಝೋನ್ ಮೂರನ್ನೂ ಹೊಂದಿಸಿ.

ಆನ್‌ಲೈನ್ ಎಂದು ತೋರಿಸಿಯೂ ಪರದೆ ಕಪ್ಪಗಿದ್ದರೆ ಕ್ಯಾಮೆರಾದಲ್ಲಿ ವಿಡಿಯೊ ಕುಗ್ಗಿಸುವ ವಿಧಾನವನ್ನು ಎಚ್.265ರಿಂದ ಎಚ್.264ಕ್ಕೆ ಬದಲಿಸಿ ನೋಡಿ. ಹಳೆಯ ಎನ್‌ವಿಆರ್‌ಗಳಿಗೆ ಮೊದಲನೆಯದು ಅರ್ಥವಾಗುವುದಿಲ್ಲ. ವೈಫೈ ಕ್ಯಾಮೆರಾ ಆದರೆ ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವಂಥದ್ದೇ, ರೌಟರ್‌ನ ವೈಫೈ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದು ಸೆಟ್ ಆಗಿದೆಯೇ ಎಂಬ ಎರಡನ್ನು ಮೊದಲು ನೋಡಿ.

ಮನೆಯೊಳಗೆ ಕಾಣುತ್ತದೆ, ಹೊರಗಿನಿಂದ ಫೋನಿನಲ್ಲಿ ಮಾತ್ರ ಇಲ್ಲ ಎಂದಾದರೆ ಗೇಟ್‌ವೇ (ಹೊರಜಾಲಕ್ಕೆ ದಾರಿಯಾದ ರೌಟರ್‌ನ ವಿಳಾಸ) ಮತ್ತು ಡಿಎನ್‌ಎಸ್ (ಹೆಸರನ್ನು ಐಪಿ ವಿಳಾಸವಾಗಿಸುವ ಸರ್ವರ್) ಪರಿಶೀಲಿಸಿ. ಕೈಯಾರೆ ವಿಳಾಸ ಕೊಡುವಾಗ ಇವೆರಡು ಖಾಲಿ ಉಳಿಯುವುದು ಹೆಚ್ಚು. ಅವಸರಕ್ಕೆ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ನೇರ ಒಳಬರಲು ದಾರಿ ಬಿಟ್ಟು) ಕ್ಯಾಮೆರಾವನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಡೀಫಾಲ್ಟ್ ಪಾಸ್‌ವರ್ಡ್ ಉಳಿಸಿಕೊಂಡ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಭಾರಿ ದಾಳಿಗಳಿಗೆ ಬಳಸಿಕೊಂಡಿತು.

ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಎಂದಾಗ ಮಾತ್ರ ರಿಸೆಟ್ ಉಳಿಯುತ್ತದೆ. ಬಟನ್ ಸಾಮಾನ್ಯವಾಗಿ ಮೆಮೊರಿ ಕಾರ್ಡ್ ಮುಚ್ಚಳದ ಒಳಗಿರುತ್ತದೆ. ಹಲವು ಮಾಡೆಲ್‌ಗಳಲ್ಲಿ ಪವರ್ ತೆಗೆದು, ಬಟನ್ ಒತ್ತಿ ಹಿಡಿದಿರುವಾಗಲೇ ಪವರ್ ಕೊಟ್ಟು, 10ರಿಂದ 15 ಸೆಕೆಂಡ್ ಬಿಡದೆ ಹಿಡಿಯಬೇಕು. ಮುಚ್ಚಳ ಮತ್ತೆ ಹಾಕುವಾಗ ರಬ್ಬರ್ ವಾಷರ್ ತನ್ನ ಜಾಗದಲ್ಲೇ ಕೂತಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗಿಳಿಯುತ್ತದೆ.