ನೀರಿನಿಂದ ದೂರವಿದ್ದೂ ನೆಲಗಪ್ಪೆ ಬದುಕುವುದು ಹೇಗೆ?

ಓದುಗರ ಪ್ರಶ್ನೆ: ಕಪ್ಪೆಗೆ ನೀರು ಬೇಕೇ ಬೇಕು ಎಂದು ಓದಿದ್ದೇವೆ. ಆದರೆ ನೆಲಗಪ್ಪೆ ಕೆರೆ, ಹೊಂಡಗಳಿಲ್ಲದ ಒಣ ಜಾಗದಲ್ಲೂ ತಿಂಗಳುಗಟ್ಟಲೆ ಇರುತ್ತದೆ. ಅದು ನೀರು ಕುಡಿಯುವುದನ್ನು ಕಂಡವರೂ ಇಲ್ಲ. ಹಾಗಾದರೆ ಅದು ಬದುಕುವುದು ಹೇಗೆ?

ಉತ್ತರ: ನೆಲಗಪ್ಪೆ ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಕುಡಿಯುವುದನ್ನು ಯಾರೂ ಕಾಣದಿರುವುದಕ್ಕೆ ಕಾರಣ ಇಷ್ಟೇ. ಹೀಗೆ ಹೀರಿದ ನೀರನ್ನು ಅದು ಎಷ್ಟು ಎಚ್ಚರದಿಂದ ಉಳಿಸಿಕೊಳ್ಳುತ್ತದೆ ಎಂಬುದರಲ್ಲಿ ಉತ್ತರದ ಉಳಿದ ಭಾಗವಿದೆ.

ಇಲ್ಲಿ ಹೇಳುತ್ತಿರುವುದು ಪಾಕಿಸ್ತಾನದಿಂದ ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳನ್ನು ಹಾದು ದಕ್ಷಿಣ ಚೀನಾ ಮತ್ತು ಇಂಡೊನೇಷ್ಯಾದವರೆಗೂ ಹರಡಿರುವ ಏಷ್ಯಾದ ಸಾಮಾನ್ಯ ನೆಲಗಪ್ಪೆಯ ಬಗ್ಗೆ. ತಲೆಯ ಮೇಲೆ ಕಪ್ಪಗೆ ಎದ್ದು ಕಾಣುವ ಮೂಳೆಯ ಏಣು, ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿ, ಮೈತುಂಬ ಕಪ್ಪು ತುದಿಯ ಗಂಟುಗಳು ಇದರ ಗುರುತು. 1799ರಲ್ಲಿ ಷ್ನೈಡರ್ ಎಂಬ ಜರ್ಮನ್ ವಿದ್ವಾಂಸರು ಇದಕ್ಕೆ ಇಟ್ಟ ‘ಮೆಲನೊಸ್ಟಿಕ್ಟಸ್’ ಎಂಬ ಹೆಸರಿನ ಅರ್ಥವೇ ‘ಕಪ್ಪು ಚುಕ್ಕೆಯದು’ ಎಂದು. ಕುಲದ ಹೆಸರಾದ ‘ದತ್ತಾಫ್ರೈನಸ್’ 2006ರಲ್ಲಿ ಬಂದದ್ದು. ಅದು ಭಾರತದ ಉಭಯವಾಸಿ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥವಾಗಿ ಇಟ್ಟ ಹೆಸರು.

ಈ ಗಂಟುಗಂಟಾದ ಮೈಯನ್ನು ನೋಡಿದವರಿಗೆ, ಚರ್ಮ ದಪ್ಪವಾಗಿರುವುದರಿಂದ ನೀರು ಒಳಗೇ ಉಳಿಯುತ್ತದೆ ಎಂದು ಅನ್ನಿಸುವುದು ಸಹಜ. ಅದು ತಪ್ಪು ಎಣಿಕೆ. ಹಾವು, ಹಲ್ಲಿಗಳ ಚರ್ಮದಲ್ಲಿ ನೀರನ್ನು ತಡೆದು ನಿಲ್ಲಿಸುವ ಪದರವಿರುತ್ತದೆ, ನೆಲಗಪ್ಪೆಗೆ ಅಂಥದ್ದಿಲ್ಲ. ಒಣಗಾಳಿಗೆ ಸಿಕ್ಕರೆ ಅದರ ಮೈಯ ನೀರು ಹಸಿ ಬಟ್ಟೆ ಆರಿದಂತೆ ಆರಿಹೋಗುತ್ತದೆ. ಹಗಲೆಲ್ಲ ಅದು ಕಲ್ಲಿನಡಿ, ತರಗೆಲೆಯಡಿ, ಮಣ್ಣಿನ ಬಿರುಕಿನೊಳಗೆ ಅಡಗಿರುವುದು ಈ ಕಾರಣಕ್ಕಾಗಿಯೇ. ಅಲ್ಲಿಯೂ ಅದು ಕೈಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡು, ಗಲ್ಲವನ್ನು ನೆಲಕ್ಕೆ ಒತ್ತಿಕೊಂಡು, ಗಾಳಿಗೆ ಒಡ್ಡುವ ಮೈಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಂಡು ಕೂತಿರುತ್ತದೆ. ಇರುವೆ, ಗೆದ್ದಲು, ಜೀರುಂಡೆಗಳ ಬೇಟೆಗೆ ಹೊರಬೀಳುವುದು ಕತ್ತಲಾಗಿ ಗಾಳಿ ತಂಪಾದ ಮೇಲೆ.

ನೀರು ಕುಡಿಯುವ ರೀತಿಯನ್ನು ತಾಳ್ಮೆಯಿದ್ದರೆ ಕಣ್ಣಾರೆ ನೋಡಬಹುದು. ನೀರು ಬಿದ್ದು ಹಸಿಯಾದ ಮಣ್ಣು ಸಿಕ್ಕಿದಾಗ ನೆಲಗಪ್ಪೆ ಹಿಂಗಾಲುಗಳನ್ನು ಅಗಲಿಸಿ, ಎರಡು ಮೂರು ಸಲ ಮೈ ಹೊರಳಿಸಿ ಹೊಟ್ಟೆಯ ಕೆಳಭಾಗವನ್ನು ನೆಲಕ್ಕೆ ಸರಿಯಾಗಿ ಅಂಟಿಸಿಕೊಂಡು, ಆಮೇಲೆ ಕದಲದೆ ಕೂರುತ್ತದೆ. ನೋಡುವವರಿಗೆ ಅದು ವಿಶ್ರಮಿಸುತ್ತಿರುವಂತೆ ಕಂಡರೂ ನಿಜವಾಗಿ ಅದು ನೀರು ಕುಡಿಯುತ್ತಿರುತ್ತದೆ. ತೊಡೆಗಳ ನಡುವಿನ ಆ ಭಾಗದ ಚರ್ಮ ತೆಳುವಾಗಿದ್ದು, ಅದರಡಿ ನವಿರಾದ ರಕ್ತನಾಳಗಳು ದಟ್ಟವಾಗಿ ಹಬ್ಬಿರುತ್ತವೆ. ನಿಂತ ನೀರೇ ಬೇಕೆಂದಿಲ್ಲ, ಮಣ್ಣಿನ ಪಸೆಯೂ ಸಾಕು. ಕೆಲವು ನೆಲಗಪ್ಪೆ ಜಾತಿಗಳಲ್ಲಿ ಗಂಟುಗಳ ನಡುವಿನ ಸಣ್ಣ ತೋಡುಗಳ ಮೂಲಕ ನೀರು ತಾನಾಗಿಯೇ ಪಕ್ಕೆಗಳತ್ತ ಏರುವುದೂ ಕಂಡುಬಂದಿದೆ. ಒರಟು ಮೈಗೆ ಇಂಥ ಉಪಯೋಗವೂ ಇದೆ ಎಂಬುದು ನನಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಸಂಗತಿ.

ಹೀರಿದ ನೀರಿಗೆ ಒಂದು ಉಗ್ರಾಣವೂ ಉಂಟು, ಅದು ಮೂತ್ರಕೋಶ. ಮನುಷ್ಯರಲ್ಲಿ ಅದು ಹೊರಹಾಕಬೇಕಾದ ದ್ರವ ತಂಗುವ ಜಾಗವಷ್ಟೇ. ನೆಲಗಪ್ಪೆಯಲ್ಲಿ ಅಲ್ಲಿರುವ ತಿಳಿಯಾದ ಮೂತ್ರ, ಬರಗಾಲ ಬಂದಾಗ ಮತ್ತೆ ರಕ್ತಕ್ಕೆ ಸೇರಬಲ್ಲ ಉಳಿತಾಯದ ನೀರು. ಹಿಡಿದ ಕೂಡಲೇ ನೆಲಗಪ್ಪೆ ಅಂಗೈ ಮೇಲೆ ಚಿಮ್ಮಿಸುವುದು ಈ ನೀರನ್ನೇ. ಆದ್ದರಿಂದ ಒಣಹವೆಯಲ್ಲಿ ಕುತೂಹಲಕ್ಕೆಂದು ಅದನ್ನು ಎತ್ತಿ ಆಡಿಸುವುದು ಬೇಡ. ಅದು ಕಳೆದುಕೊಳ್ಳುವುದು ಹಲವು ದಿನಗಳ ಗಳಿಕೆಯಾಗಿರಬಹುದು. (ಮುಟ್ಟಿದರೆ ನರಹುಲಿಯಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ನರಹುಲಿ ಬರುವುದು ಒಂದು ವೈರಸ್ಸಿನಿಂದ. ವಿಷಗ್ರಂಥಿಯ ಹಾಲಿನಂಥ ದ್ರವ ಮಾತ್ರ ಕಣ್ಣು, ಬಾಯಿಗೆ ತಾಗಬಾರದು.)

ಇಷ್ಟೆಲ್ಲ ಉಪಾಯಗಳಿದ್ದರೂ ಒಂದು ಕೆಲಸಕ್ಕೆ ಅದು ನೀರಿಗೆ ಇಳಿಯಲೇಬೇಕು. ಮೊಟ್ಟೆಗೆ ಚಿಪ್ಪಿಲ್ಲ, ಲೋಳೆಯ ಹೊದಿಕೆ ಮಾತ್ರ. ಮಳೆ ಸುರಿದು ನೀರು ನಿಂತಾಗ ಗಂಡುಗಳು ದಡದ ಅಂಚಿನಲ್ಲಿ ಕೂತು ಗಂಟಲು ಚೀಲ ಉಬ್ಬಿಸಿ ಎಡೆಬಿಡದೆ ‘ಕುರ್‌ರ್‌ರ್’ ಎಂದು ಕೂಗುತ್ತವೆ. ಗಂಡು ತನಗಿಂತ ದೊಡ್ಡದಾದ ಹೆಣ್ಣಿನ ಕಂಕುಳನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ಗುಂಪಿನ ಗಡಿಬಿಡಿಯಲ್ಲಿ ಇನ್ನೊಂದು ಗಂಡನ್ನೇ ತಬ್ಬಿದರೆ, ಸಿಕ್ಕಿಬಿದ್ದದ್ದು ‘ಬಿಡು’ ಎನ್ನುವಂಥ ಬೇರೆಯೇ ಸದ್ದು ಮಾಡುತ್ತದೆ. ಹೆಣ್ಣು ಇಡುವ ಸಾವಿರಾರು ಕಪ್ಪು ಮೊಟ್ಟೆಗಳು ಉದ್ದನೆಯ ಎರಡು ಲೋಳೆ ಸರಗಳಾಗಿ ನೀರಿನ ಗಿಡಗಳಿಗೆ ಸುತ್ತಿಕೊಳ್ಳುತ್ತವೆ. ಅವುಗಳಿಂದ ಹೊರಬರುವ ಗೊದಮೊಟ್ಟೆಗಳೂ ಕಪ್ಪಗಿದ್ದು, ಗುಂಪುಗುಂಪಾಗಿ ಈಜುತ್ತವೆ.

ಕೆಲವು ವಾರಗಳಲ್ಲಿ ಕಾಲು ಮೂಡಿ, ಬಾಲ ಕರಗಿ, ಕಿರುಬೆರಳ ಉಗುರಿನಷ್ಟು ಗಾತ್ರದ ಮರಿಗಳು ದಡ ಹತ್ತುತ್ತವೆ. ನೀರಿನ ಕಷ್ಟ ಅತ್ಯಂತ ತೀವ್ರವಾಗಿರುವುದು ಈ ಹಂತದಲ್ಲಿ. ಮೈ ಚಿಕ್ಕದಾದಷ್ಟೂ ಅದು ಬೇಗ ಒಣಗುತ್ತದೆ. ಅದಕ್ಕೇ ಮರಿಗಳು ಮೊದಮೊದಲು ನೀರಿನ ಅಂಚಿನ ಹಸಿ ಮಣ್ಣನ್ನು ಬಿಟ್ಟು ದೂರ ಹೋಗುವುದಿಲ್ಲ. ಒಂದರ ಪಕ್ಕ ಒಂದು ಒತ್ತಿಕೊಂಡು ಕೂತಿದ್ದು, ಮೋಡ ಕವಿದು ನೆಲ ತೊಯ್ದ ದಿನ ಒಮ್ಮೆಗೇ ಹೊರಟು ಚದುರುತ್ತವೆ.